ಚಾ ಆರಾಕತ್ತೈತಿ

ಚಿಗವ್ವನ ಫೋನು ಬಂದಾಗ ನಾನು ನರಗುಂದದ ನನ್ನ ಅಂಗಡಿಯೊಳಗೆ ಒಂದು ಕಲ್ಯಾಣಮಂಟಪದ ವೆಬ್‌ಸೈಟಿಗೆ ಊಟದ ಮನೆಯ ಫೋಟೋ ಹೊಂದಿಸುತ್ತ ಕೂತಿದ್ದೆ.

"ಸಿದ್ದಾ, ನಮ್ಮ ಸೀರಿ ಪೇಜಿಂದು ಕೀಲಿ ನಿನ್ನ ಹತ್ರ ಐತೆಲ್ಲ, ಅದನ್ನ ನೀಲಾಗ ಕೊಡಪಾ."

"ಕೀಲಿ ಅಲ್ಲ ಚಿಗವ್ವ, ಪಾಸ್‌ವರ್ಡ್. ಯಾಕ ಬೇಕಾತು?"

"ಆಕಿ ಹೊಸಾ ಪೇಜ್ ಮಾಡ್ಯಾಳ. ಒಂದ ಸಂಜಿಯೊಳಗ ಮುಗಿಸ್ಯಾಳ ನೋಡು. ಕೋಡ್ ಬರಿಯೂದ ಬ್ಯಾಡಂತ. ಬೇಕಾದ್ದನ್ನ ಬೆರಳಿಲೆ ಎಳಿಯೂದು, ಬಿಡೂದು. ಅಷ್ಟ."

ಆ 'ಅಷ್ಟ' ಅನ್ನುವ ಮಾತಿಗೆ ನನ್ನ ನೆತ್ತಿ ಕಾದುಹೋಯಿತು. ಎಮ್ಮೆಯ ಹಾಲು ಹಿಂಡುವುದೂ ಎಳೆದು ಬಿಡುವ ಕೆಲಸವೇ. ಅದಕ್ಕಾದರೂ ಕೈಯಲ್ಲಿ ಕಸುವು ಬೇಕು, ಎಮ್ಮೆಯ ಗುರ್ತು ಇರಬೇಕು. ಇವರು ಗಾಜಿನ ಮೇಲೆ ಬೆರಳು ಸವರಿ ವೆಬ್‌ಸೈಟು ಮಾಡುತ್ತಾರಂತೆ.

"ಫೋನಿನಾಗ ಕೊಡೂವಂಥದ್ದಲ್ಲ ಅದು. ನಾಡಿದ್ದ ನಾನ ಬರ್ತೀನಿ."

"ಬಾ, ಚಲೋ ಆತು. ಊಟಾ ಮಾಡಿ ಹೋಗಂತಿ," ಅಂದು ಫೋನಿಟ್ಟಳು. ನನ್ನ ದನಿಯಲ್ಲಿದ್ದ ಸಿಟ್ಟು ಅವಳಿಗೆ ತಾಕಿದಂತೇ ಕಾಣಲಿಲ್ಲ.

ಚಿಗವ್ವ ಶಂಕ್ರವ್ವ ಗಜೇಂದ್ರಗಡದಲ್ಲಿ ಕೈಮಗ್ಗದ ಮೇಲೆ ಪಟ್ಟೇದಂಚಿನ ಸೀರೆ ನೇಯುತ್ತಾಳೆ. ನೀಲಾ ಅವಳ ಸೊಸೆ. ಅಸೂಟಿಯ ಹುಡುಗಿ, ಬಿ.ಕಾಂ. ಓದಿದವಳು, ಆ ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಚಿಗವ್ವನ ಸೀರೆಗಳಿಗೆ ಒಂದು ವೆಬ್‌ಸೈಟು ಇದೆ, ಅದನ್ನು ಮಾಡಿದವನು ನಾನು. ಸಾಲಿ ಬಿಟ್ಟ ವರ್ಷ ಒಂದೊಂದೇ ಅಕ್ಷರ ಕುಟ್ಟಿ ಮಾಡಿದ್ದು. ನನ್ನ ಮೊದಲನೇ ಕೆಲಸ. ಅದರ ವಿಳಾಸವೂ ನನ್ನ ಹೆಸರಿನಲ್ಲೇ ಇದೆ. ಪಾಸ್‌ವರ್ಡ್ ಕೊಟ್ಟೆನೆಂದರೆ ಆ ವಿಳಾಸ ನೀಲಾಳ ಪೇಜಿಗೆ ಹೋಗುತ್ತದೆ, ನನ್ನ ಪೇಜು ಯಾರ ಕಣ್ಣಿಗೂ ಬೀಳದಂತೆ ಮಾಯವಾಗುತ್ತದೆ.

ಬರೀ ನನ್ನ ಕೆಲಸ ಮಾಯವಾಗುವುದಾಗಿದ್ದರೆ ಹಲ್ಲು ಕಚ್ಚಿ ಕೊಟ್ಟುಬಿಡುತ್ತಿದ್ದೆನೋ ಏನೋ. ಆದರೆ ಆ ಪೇಜಿನ ನೆತ್ತಿಯ ಮೇಲೆ ನಮ್ಮ ಆಯಿಯ ಒಂದು ಮಾತು ಕೂತಿದೆ. ಆಯಿ ಅಂದರೆ ನನ್ನ ಅಪ್ಪನ ತಾಯಿ, ಚಿಗವ್ವನ ಅತ್ತೆ, ಸಕ್ಕೂಬಾಯಿ. ಅವಳು ತೀರಿಹೋದ ಮೇಲೆ ಅವಳ ದನಿ ಕೇಳಿಸುವ ಜಾಗ ನನಗೆ ಅದೊಂದೇ ಉಳಿದಿತ್ತು.

ಮರುದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ನನ್ನ ಪೇಜು ಫೋನಿನಲ್ಲಿ ಸರಿಯಾಗಿ ಹಿಡಿಸುತ್ತಿರಲಿಲ್ಲ. ಅರ್ಧ ಸೀರೆ ಪರದೆಯ ಹೊರಗೇ ಉಳಿಯುತ್ತಿತ್ತು. ಅದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಕೈಯಿಂದಲೇ ತಿದ್ದಿ ಬರೆದೆ, ನೆಟ್ಟಿಗೆ ಇನ್ನೂ ಏರಿಸಲಿಲ್ಲ. ಎಳೆದು ಬಿಡುವವರಿಗೆ ತೋರಿಸಿಯೇ ಬರುತ್ತೇನೆ ಅಂತ ಅದರ ಮರುದಿನ ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಯಾವಗಲ್ ದಾಟುವಾಗ ಬಸ್ಸಿನ ಎದುರಿಗೆ ಹೊಟ್ಟು ತುಂಬಿದ ಟ್ರ್ಯಾಕ್ಟರು ಬಂದು, ಇಬ್ಬರೂ ಡ್ರೈವರುಗಳು ನೀ ಸರಿ, ನೀ ಸರಿ ಅಂತ ಜಗಳಕ್ಕೆ ನಿಂತರು. ಬೇರೆ ದಿನವಾಗಿದ್ದರೆ ನಾನೂ ಇಳಿದು ಎರಡು ಮಾತು ಸೇರಿಸುತ್ತಿದ್ದೆ. ಅವತ್ತು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಅವುಚಿಕೊಂಡು ಹಳೆಯದನ್ನೇ ನೆನೆಯುತ್ತ ಕೂತೆ.

ಒಂಬತ್ತನೇ ಇಯತ್ತೆಯಲ್ಲಿ ನಾನು ಸಾಲಿ ಬಿಟ್ಟವನು. ಇಂಗ್ಲಿಷಿನ ಸ್ಪೆಲ್ಲಿಂಗು ಬರುವುದಿಲ್ಲವೆಂದು ದಿನಾ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಒಂದು ದಿನ ಹೊರಗೆ ನಿಂತವನು ಹಾಗೇ ನಡೆದುಕೊಂಡು ಗಜೇಂದ್ರಗಡದ ಬಸ್ ಸ್ಟ್ಯಾಂಡಿಗೆ ಬಂದುಬಿಟ್ಟೆ. ಅಲ್ಲಿ ಒಂದು ಮಹಡಿಯ ಮೇಲೆ ಜಂಗ್ಲಿಸಾಬ ಕಾಕಾ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಒಳಗೆ ನೀಲಿ ಪರದೆ, ಮೂಲೆಯಲ್ಲೊಂದು ಸದ್ದು ಮಾಡುವ ಫ್ಯಾನು. ಮೆಟ್ಟಿಲ ಮೇಲೆ ಕೂತಿದ್ದ ನನ್ನನ್ನು ನೋಡಿ, "ಲೇ, ಚಪ್ಪಲಿ ಹೊರಗ ಬಿಟ್ಟು ಒಳಗ ಬಾ. ಧೂಳಾ ಹೊಕ್ರ ಮಷೀನು ಕೆಮ್ಮತಾವ," ಅಂದಿದ್ದ. ಯಾಕೆ ಬಂದೆ, ಸಾಲಿ ಯಾಕೆ ಬಿಟ್ಟೆ, ಒಂದೂ ಕೇಳಲಿಲ್ಲ.

ವೆಬ್‌ಪೇಜು ಬರೆಯುವುದನ್ನು ಅವನು ನನಗೆ ಮಗ್ಗದ ಮಾತಿನಲ್ಲಿ ಕಲಿಸಿದ. "ನೀ ನೇಕಾರರ ಮನ್ಯಾಂವ, ನಿನಗೇನ ಹೊಸಾದಲ್ಲ. ಟೇಬಲ್ ಅಂದ್ರ ಮಗ್ಗ. ಅದರಾಗ ಅಡ್ಡ ಸಾಲು ಅಂದ್ರ ಹೊಕ್ಕು. ಸಾಲಿನೊಳಗ ಒಂದೊಂದ ಚೌಕ. ಬಾರ್ಡರ್ ಅಂದ್ರ ದಡಿ. ತೆರದ ಟ್ಯಾಗ್ ಮುಚ್ಚಬೇಕು ಮತ್ತ! ಮನಿ ಬಾಗಲಾ ತೆರದಿಟ್ಟು ಮಲಗ್ತೀಯೇನಲೇ?"

ಸಾಲಿಯಲ್ಲಿ ಬಾರದ ಸ್ಪೆಲ್ಲಿಂಗುಗಳು ಅಲ್ಲಿ ಬಂದವು. 'ವಿಡ್ತ್' ಅನ್ನುವುದನ್ನು ನಾನು ಎಷ್ಟು ಸಲ ತಪ್ಪು ಬರೆದಿದ್ದೇನೋ. ತಪ್ಪು ಬರೆದರೆ ಪರದೆಯ ಮೇಲೆ ಏನೂ ಆಗುತ್ತಿರಲಿಲ್ಲ, ಅಷ್ಟೇ. ಯಾರೂ ನಗುತ್ತಿರಲಿಲ್ಲ, ಹೊರಗೆ ನಿಲ್ಲಿಸುತ್ತಿರಲಿಲ್ಲ. ಸರಿ ಬರೆದ ಕೂಡಲೇ ಚೌಕ ಅಗಲವಾಗುತ್ತಿತ್ತು. ಆ ಚೌಕ ಅಗಲವಾದದ್ದನ್ನು ನೋಡಿ ನಾನು ಕುರ್ಚಿಯಿಂದ ಜಿಗಿದದ್ದು ನನಗಿನ್ನೂ ನೆನಪಿದೆ. ಎಳೆದು ಬಿಡುವವರಿಗೆ ಹಾಗೆ ಜಿಗಿಯುವ ಭಾಗ್ಯ ಎಲ್ಲಿಂದ ಬರಬೇಕು?

ಬಸ್ಸು ಗಜೇಂದ್ರಗಡ ಮುಟ್ಟಿತು. ಗುಡ್ಡದ ಮೇಲಿನ ಕೋಟೆಯ ಕಡೆ ಕಣ್ಣೆತ್ತದೆ ನೇರವಾಗಿ ಜಂಗ್ಲಿಸಾಬ ಕಾಕಾನ ಹತ್ತಿರ ಹೋದೆ. ನನ್ನ ಕಡೆ ಒಬ್ಬರಾದರೂ ಇರಲಿ ಅಂತ. ಮಹಡಿಯ ಸೆಂಟರು ಮುಚ್ಚಿ ಈಗ ಅವನು ಕೆಳಗೇ ಅಂಗಡಿ ಮಾಡಿಕೊಂಡಿದ್ದಾನೆ: ರಿಚಾರ್ಜು, ಝೆರಾಕ್ಸು, ಮದುವೆಯ ಕಾರ್ಡು. ನಾನು ಎಲ್ಲ ಹೇಳಿ ಮುಗಿಸುವ ತನಕ ಕನ್ನಡಕದ ಮೇಲಿನಿಂದ ನೋಡುತ್ತಲೇ ಇದ್ದ.

"ನೀಲಾ ಯಾವುದರಾಗ ಮಾಡ್ಯಾಳಪಾ?" ಅಂದ. ಆ ಟೂಲಿನ ಹೆಸರು ಹೇಳಿದೆ.

"ಹೌದಾ? ನಾನೂ ಅದರಾಗ ಮಾಡ್ತೀನಿ. ಮದುವಿ ಕಾರ್ಡೆಲ್ಲಾ ಅದರಾಗ. ಭಾಳ ಚಲೋ ಐತಿ."

"ಕಾಕಾ! ನೀನೂ?"

"ಯಾಕಲೇ, ನಾನೂ ಅಂದ್ರ? ನನಗ ಬ್ಯಾಸರಾಗೂದಿಲ್ಲೇನ? ವಧೂ-ವರನ ಹೆಸರ ಸುತ್ತ ಹೂವಿನ ಬಳ್ಳಿ ಬೇಕಂತಾರ. ಅದನ್ನ ಟ್ಯಾಗ್ ಬರದು ಹಬ್ಬಸಾಕ ಹೋದ್ರ ಆ ಮದುವಿ ಆಗಿ, ಕೂಸ ಹುಟ್ಟಿ, ಅದರ ಜವಳ ಆದ್ರೂ ನನ್ನ ಬಳ್ಳಿ ಮುಗಿಯಂಗಿಲ್ಲ."

"ಹಂಗಾದ್ರ ನನಗ್ಯಾಕ ಅಷ್ಟ ಬಡಕೊಂಡು ಕಲಿಸಿದಿ?"

ಅವನು ಝೆರಾಕ್ಸ್ ಮಷೀನಿನ ಮುಚ್ಚಳ ಒತ್ತಿ ಹಿಡಿದು ನಕ್ಕ. "ಆಗ ಅದನ್ನ ಬಿಟ್ರ ಬ್ಯಾರೆ ಏನಿತ್ತಲೇ ನನ್ನ ಹತ್ರ? ಹೋಗು, ಶಂಕ್ರವ್ವ ಹಾದಿ ಕಾಯ್ತಿರ್ತಾಳ. ಸಿಟ್ಟ ಇಲ್ಲೇ ಇಟ್ಟ ಹೋಗು, ಬರುಮುಂದ ಒಯ್ಯಂತಿ. ಯಾರೂ ಕದಿಯಂಗಿಲ್ಲ."

ಇಟ್ಟು ಹೋಗಲಿಲ್ಲ. ಚೀಲದಲ್ಲಿ ಲ್ಯಾಪ್‌ಟಾಪಿನ ಜೊತೆ ಅದನ್ನೂ ಹೊತ್ತುಕೊಂಡೇ ಹೋದೆ.

ಓಣಿ ಹೊಕ್ಕ ಕೂಡಲೇ ಮಗ್ಗದ ಸದ್ದು ಕೇಳಿಸಿತು. ಮೊದಲು ಆ ಓಣಿಯ ಎಲ್ಲ ಮನೆಗಳಿಂದಲೂ ಬರುತ್ತಿತ್ತು. ಯಾವ ಮನೆಯದು ಯಾವುದು ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಈಗ ಅಲ್ಲೊಂದು, ಇಲ್ಲೊಂದು. ಚಿಗವ್ವ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಲಾಳಿ ಹೊಡೆಯುತ್ತಿದ್ದಳು. ಕುಣಿಯ ಪಕ್ಕದಲ್ಲಿ ಗೋಡೆಗೆ ಆತು ಕೂತು ಆಯಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಜಾಗದಲ್ಲಿ ಈಗ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ನನಗೆ ಅದರಲ್ಲಿ ಕೂಡಲು ಹೇಳಿದರು. ನಾನು ಹೊಸ್ತಿಲ ಮೇಲೆ ಕೂತೆ.

ಆಯಿಯ ಆ ಜಾಗದಲ್ಲೇ ಪೇಜು ಹುಟ್ಟಿದ್ದು. ಅರ್ಧ ಕೀಗಳು ಎದ್ದುಹೋಗಿದ್ದ ಒಂದು ಲ್ಯಾಪ್‌ಟಾಪನ್ನು ಜಂಗ್ಲಿಸಾಬ ಕಾಕಾ ಕೈಗಡ ಕೊಟ್ಟಿದ್ದ. ಸೀರೆಯ ಒಡಲಿನ ಚೌಕಗಳನ್ನು ಹಾಗೆ ಹಾಗೇ ಪೇಜಿನ ಮೇಲೆ ಮೂಡಿಸಬೇಕು ಅನ್ನುವುದು ನನ್ನ ಹುಚ್ಚು. ಆಯಿ ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು ಬೆರಳಿಟ್ಟು ಒಂದೊಂದೇ ಬಣ್ಣ ಹೇಳುವುದು, ನಾನು ತಲೆ ಎತ್ತದೆ ಬರೆದುಕೊಳ್ಳುವುದು. "ಕರಿ. ಕರಿ. ಸಾಸಿವಿ. ಕರಿ. ದಾಳಿಂಬರಿ. ಏ ದಾಳಿಂಬರಿ ಅಂದ್ರ ಕೆಂಪಲ್ಲೋ, ಹಣ್ಣ ಒಡದಾಗ ಒಳಗ ಇರತೈತೆಲ್ಲ, ಆ ಬಣ್ಣ. ಬಿಳಿ. ಗಿಳಿಹಸರ." ಹೀಗೆ ಸಾಲುಸಾಲಾಗಿ ಬರೆದುಕೊಂಡು, ಆಮೇಲೆ ಕೂತು ಒಂದೊಂದು ಬಣ್ಣದ ಹೆಸರನ್ನೂ ಒಂದೊಂದು ಚೌಕ ಮಾಡಿದೆ.

ಪೇಜು ತೆರೆದು ನೋಡಿದರೆ ಚೌಕಗಳೆಲ್ಲ ಸರಿಯಾಗಿ ಬಂದಿದ್ದವು. ಆದರೆ ಎಲ್ಲಕ್ಕಿಂತ ಮೇಲೆ, ನೆತ್ತಿಯ ಮೇಲೆ, ಒಂದು ಸಾಲು ಕೂತಿತ್ತು: 'ಚಾ ಆರಾಕತ್ತೈತಿ, ಕುಡಿಯೋ.'

ಅದು ಎಲ್ಲಿಂದ ಬಂತೆಂದು ಕೋಡಿನ ಮೊದಲ ಸಾಲುಗಳನ್ನೆಲ್ಲ ಜಾಲಾಡಿದೆ. ಸಿಗಲಿಲ್ಲ. ಕೊನೆಗೆ ಜಂಗ್ಲಿಸಾಬ ಕಾಕಾ ಹುಡುಕಿಕೊಟ್ಟ. ಆಯಿ ಬಣ್ಣ ಹೇಳುತ್ತ ಹೇಳುತ್ತ ನಡುವೆ ಹೇಳಿದ ಮಾತನ್ನೂ ನಾನು ಬಣ್ಣವೆಂದೇ ಬರೆದುಕೊಂಡಿದ್ದೆ! ದಾಳಿಂಬರಿಯ ಕೆಳಗೆ, ಬಿಳಿಯ ಮೇಲೆ. ಚೌಕ ಮಾಡುವಾಗ ಅದೊಂದು ಕೈತಪ್ಪಿ ಹಾಗೇ ಉಳಿದಿತ್ತು. ಟೇಬಲ್ಲಿನ ನಡುವೆ ಚೌಕವಿಲ್ಲದೆ ಬಿದ್ದ ಮಾತನ್ನು ಬ್ರೌಸರು ಅಲ್ಲಿ ಇರಗೊಡುವುದಿಲ್ಲ. ಎತ್ತಿ ಟೇಬಲ್ಲಿನ ತಲೆಯ ಮೇಲೆ ಕೂಡಿಸುತ್ತದೆ. "ಲೇ, ನೀ ಎಲ್ಲಿ ಬಚ್ಚಿಟ್ರೂ ನಿಮ್ಮ ಆಯಿ ಮ್ಯಾಲ ಬಂದು ಕುಂದರ್ತಾಳ ನೋಡು," ಅಂತ ಕಾಕಾ ಕೆಮ್ಮು ಬರುವಷ್ಟು ನಕ್ಕಿದ್ದ.

ಅಳಿಸಬೇಕು ಅನ್ನುವಷ್ಟರಲ್ಲಿ ದಾವಣಗೆರೆಯಿಂದ ಯಾರೋ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ಸೀರೆಯ ಮಾತು ಆಮೇಲೆ. ಮೊದಲು ಕೇಳಿದ್ದು, "ಚಾ ಆರಿತಾ ಅಜ್ಜಿ?" ಆಯಿ ಅವಳ ಜೊತೆ ಎಷ್ಟೋ ಹೊತ್ತು ಮಾತಾಡಿದಳು. ಅವಳ ಮಕ್ಕಳೆಷ್ಟು, ಅತ್ತೆ ಹೇಗೆ, ಅಲ್ಲಿ ಜೋಳದ ರೊಟ್ಟಿ ಮಾಡುತ್ತಾರೋ ಇಲ್ಲವೋ. ಆಮೇಲೆ ಯಾರೇ ಫೋನು ಮಾಡಿದರೂ ಅದೇ ಮಾತು. ಆ ಸಾಲು ಹಾಗೇ ಉಳಿಯಿತು.

"ಭಾವಾರ, ಚಾ ತಗೋರಿ," ಅಂತ ನೀಲಾ ಬಸಿ ಮೇಲೆ ಕಪ್ಪಿಟ್ಟು ತಂದಳು. ಪಕ್ಕಕ್ಕೆ ಇಡು ಅಂದೆ. ಲ್ಯಾಪ್‌ಟಾಪು ತೆಗೆದೆ.

ಚಿಗವ್ವ ಕುಣಿಯಿಂದ ಎದ್ದು, ಬೆಳಿಗ್ಗೆ ಮಗ್ಗದಿಂದ ಇಳಿಸಿದ ಸೀರೆಯನ್ನು ತಂದು ಹಾಸಿದಳು. "ಇಬ್ಬರೂ ಇದನ್ನ ನಿಮ್ಮ ನಿಮ್ಮ ಪೇಜಿಗೆ ಹಾಕ್ರಿ. ನೋಡೇ ಬಿಡೋಣು."

ನಾನು ಫೋಟೋ ತೆಗೆದೆ. ಫೋನಿನಿಂದ ಲ್ಯಾಪ್‌ಟಾಪಿಗೆ ವೈರು ಹಚ್ಚಿದೆ. ಫೋಟೋ ಸಣ್ಣದು ಮಾಡಿದೆ, ಹೆಸರು ಕೊಟ್ಟೆ, ಕೋಡಿನಲ್ಲಿ ಅದರ ಸಾಲು ಬರೆದೆ. ಕಳಿಸಲು ಹೋದರೆ ನೆಟ್‌ವರ್ಕು ತಿರುಗತೊಡಗಿತು. ಆ ಕಡೆ ನೀಲಾ ಫೋನು ತೆಗೆದು ಕೈಗೆ ಕೊಟ್ಟಳು. ಕೊಟ್ಟದ್ದು ತನ್ನ ಅತ್ತೆಯ ಕೈಗೆ! ಚಿಗವ್ವ ಫೋಟೋ ಹೊಡೆದಳು, ಹೆಬ್ಬೆರಳಿನಿಂದ ಎಳೆದಳು, ಬಿಟ್ಟಳು. ಒಳಗೆ ಹೋಗಿ ಪಲ್ಯ ತಿರುವಿ ಬಂದಳು. ನನ್ನದು ಇನ್ನೂ ತಿರುಗುತ್ತಲೇ ಇತ್ತು.

ಅವರ ಪೇಜನ್ನು ಇಸಿದುಕೊಂಡು ನೋಡಿದೆ. ನನ್ನ ಕಣ್ಣು ತಪ್ಪನ್ನೇ ಹುಡುಕುತ್ತಿತ್ತು, ಸಿಕ್ಕೂಬಿಟ್ಟಿತು. ಆ ಟೂಲು ಎಲ್ಲ ಫೋಟೋಗಳನ್ನೂ ತನ್ನಷ್ಟಕ್ಕೆ ತಾನೇ ಚೌಕಾಕಾರ ಕತ್ತರಿಸಿತ್ತು.

"ದಡಿ ಎಲ್ಲೈತಿ?" ಅಂದೆ. "ಪಟ್ಟೇದಂಚಿನ ಸೀರಿಗೆ ಅಂಚ ಇಲ್ಲ! ಚಿಗವ್ವ, ನೀ ಕಣ್ಣ ಸೋಲೂ ಹಂಗ ನೇಯ್ದಿದ್ದನ್ನ ಇದು ಕತ್ತರಿಸಿ ಒಗದೈತಿ. ಇದ ನೋಡು ನಿಮ್ಮ ಎಳದು ಬಿಡೂದು!"

ಚಿಗವ್ವನ ಮುಖ ಸಣ್ಣದಾಯಿತು. ನನಗೆ ಗೆದ್ದಂತಾಯಿತು. ನೀಲಾ ಹತ್ತಿರ ಬಂದು ಫೋಟೋದ ಮೇಲೆ ಎರಡು ಬೆರಳಿಟ್ಟು ಚಿವುಟಿದಳು, ಸ್ವಲ್ಪ ಬದಿಗೆ ಸರಿಸಿದಳು. ದಡಿ ಬಂತು. ಇಡೀ ದಡಿ.

"ನಾ ನೋಡಿದ್ದಿಲ್ರಿ ಭಾವಾರ. ಚಲೋ ಆತು ಹೇಳಿದ್ದು. ಉಳದಾವನ್ನೂ ಸರಿ ಮಾಡ್ತೀನ್ರಿ," ಅಂದಳು. ಕುಹಕವಿಲ್ಲ, ಏನಿಲ್ಲ. ಅದಕ್ಕೇ ನನ್ನ ಸಿಟ್ಟು ಇನ್ನಷ್ಟು ಹೊತ್ತಿಕೊಂಡಿತು.

"ಕೈಲೆ ಮಾಡಿದ್ದಕ್ಕ ಕಿಮ್ಮತ್ತ ಇಲ್ಲ ಅಂದ್ರ ಈ ಮಗ್ಗಾರ ಯಾಕ ಇಟ್ಟೀ ಚಿಗವ್ವ? ಕುಣಿ ಮುಚ್ಚು. ಪವರ್‌ಲೂಮ್ ತಂದು ಕೂಡಿಸು. ಗುಂಡಿ ಒತ್ತು, ಆರಾಮ ಕುಂದ್ರು!"

ಚಿಗವ್ವ ಸೀರೆಯನ್ನು ಮಡಚುತ್ತ ಇದ್ದವಳು ಕೈ ನಿಲ್ಲಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಯಾರ ಕೈಲೆ, ಸಿದ್ದಾ?"

"ಅಂದ್ರ?"

"ಮಗ್ಗಕ್ಕ ನನ್ನ ಕೈ ಐತಿ. ನನಗ ಬೇಕಾದಾಗ ಕುಂದರ್ತೀನಿ, ಬೇಕಾದ ಬಣ್ಣ ಹಾಕ್ತೀನಿ. ನಿನ್ನ ಪೇಜಿಗೆ ನಿನ್ನ ಕೈ. ನೀ ನರಗುಂದದಾಗ. ಶ್ರಾವಣದಾಗ ಆ ಸಾಸಿವಿ ಸೀರಿ ಮಾರಿ ಹೋಗಿತ್ತು, ಪೇಜಿನಾಗ ಹಂಗ ಇತ್ತು. ಕಂಡಕಂಡವರು ಫೋನ್ ಮಾಡಿ ಇಲ್ಲದ್ದನ್ನ ಯಾಕ ತೋರಸ್ತೀರಿ ಅಂತ ನನಗ ಬೈದ್ರು. ನಿನಗ ಫೋನ್ ಹಚ್ಚಿದ್ರ ನಾಳೆ, ನಾಡದು. ನಿನಗೂ ಕೆಲಸ ಇರ್ತಾವ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಇದು ನನ್ನ ಕೈಲೆ ಮಾಡಿದ್ದು. ನಿನಗದು ಗುಂಡಿ ಒತ್ತೂದು. ನನಗ ಇದ ಕೈ."

ಕುರ್ಚಿಯಿಂದ ಜಿಗಿಯುವ ಭಾಗ್ಯ ಎಳೆದು ಬಿಡುವವರಿಗೆ ಇಲ್ಲ ಅಂದುಕೊಂಡು ಬಂದಿದ್ದೆ. ಆ ಹೆಬ್ಬೆರಳಿನಿಂದ ಎಳೆದು ಬಿಟ್ಟಾಗ ಚಿಗವ್ವನ ಮುಖ ಹೇಗಾಗಿತ್ತು ಅನ್ನುವುದನ್ನು ನಾನೇ ನೋಡಿದ್ದೆ. ಪಲ್ಯ ತಿರುವಲು ಹೋಗುವಾಗ ಅವಳು ಒಂದು ಹೆಜ್ಜೆ ಕುಣಿದಂತೆ ಹೋಗಿದ್ದಳು.

ಹಳೆಯ ಪೇಜನ್ನು ಒಂದು ಸಲ ತೆರೆದೆ. ಕರಿ, ಸಾಸಿವಿ, ದಾಳಿಂಬರಿ. ನೆತ್ತಿಯ ಮೇಲೆ ಆ ಸಾಲು. ಹೊಸ ಪೇಜಿನಲ್ಲಿ ಅದು ಇಲ್ಲವೆಂಬುದನ್ನು ಆಗಲೇ ನೋಡಿದ್ದೆ. ಬಾಯಿಬಿಟ್ಟು ಕೇಳಲು ಮನಸ್ಸಾಗಲಿಲ್ಲ. ಅಷ್ಟು ಜಗಳ ಆಡಿದ ಮೇಲೆ ಏನಂತ ಕೇಳುವುದು? ನೀಲಾ ಆಯಿಯನ್ನು ಕಂಡವಳೇ ಅಲ್ಲ. ಪಾಸ್‌ವರ್ಡ್ ಹೊಡೆದೆ. ವಿಳಾಸವನ್ನು ಅವರ ಪೇಜಿಗೆ ತಿರುಗಿಸಿದೆ. ಲ್ಯಾಪ್‌ಟಾಪು ಮುಚ್ಚಿದೆ.

"ಆತು. ಇನ್ನ ನಿಮ್ದು."

ಚಿಗವ್ವ ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಮೇಲಿಂದ ಕೆಳಗೆ ನೋಡಿದಳು. ಮತ್ತೆ ಮೇಲಕ್ಕೆ ಹೋದಳು.

"ನೀಲಾ, ಮ್ಯಾಲಿನ ಮಾತ ಎಲ್ಲಿ?"

"ಯಾವ ಮಾತ್ರಿ ಅತ್ತಿ?"

"ಚಾದ್ದು."

"ಅದಾ? ಯಾರೋ ತಪ್ಪಿ ಬರದಾರ ಅಂತ ಬಿಟ್ಟಿದ್ನೆಲ್ರಿ."

"ತಪ್ಪೇನೋ ಖರೇ," ಅಂದಳು ಚಿಗವ್ವ. "ಅದ ಬೇಕು ನನಗ. ಖಾಲಿ ಡಬ್ಬಿ ಹ್ಯಾಂಗ ತರೂದು ತೋರಸು."

ನೀಲಾ ತೋರಿಸಿದಳು. ಚಿಗವ್ವ ಒಂದು ಖಾಲಿ ಡಬ್ಬಿಯನ್ನು ಹೆಬ್ಬೆರಳಿನಿಂದ ಎಳೆದು ಪೇಜಿನ ನೆತ್ತಿಗೆ ತಂದು ಬಿಟ್ಟಳು. ಬರೆಯುವ ಬದಲು ಮಾತಾಡಿದರೂ ಆಗುತ್ತದೆ ಅಂತ ನೀಲಾ ಮೈಕಿನ ಗುರುತು ಒತ್ತಿಕೊಟ್ಟಳು. ಚಿಗವ್ವ ಗಂಟಲು ಸರಿಮಾಡಿಕೊಂಡು, ಆಯಿಯ ಧಾಟಿಯಲ್ಲೇ, ಹೇಳಿದಳು. ಫೋನು ಬರೆದುಕೊಂಡಿತು: 'ಚಾರ್ ಕತ್ತೆ ಐತಿ ಕುಡಿಯೋ.'

"ಅತ್ತಿ, ನಾಕ ಕತ್ತಿ ಬಂದು ನಿಂತಾವ್ರಿ ನಿಮ್ಮ ಪೇಜಿನಾಗ!" ನೀಲಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೂ ತಡೆಯಲಾಗಲಿಲ್ಲ. ಚಿಗವ್ವ ಮತ್ತೆ ಹೇಳಿದಳು. ಮತ್ತೆ ಕತ್ತೆಯೇ ಬಂತು.

"ಇದಕ್ಕ ನಮ್ಮ ಮಾತ ಬರಂಗಿಲ್ಲ ಬಿಡು," ಅಂದಳು. "ಸಿದ್ದಾ, ಇಲ್ಲಿ ಬಾ. ನೀ ಹೇಳು, ನಾ ಒತ್ತತೀನಿ."

ಆಯಿಯ ಜಾಗದಲ್ಲಿದ್ದ ಕುರ್ಚಿಯನ್ನು ಸರಿಸಿ ಗೋಡೆಗೆ ಆತು ಕೂತೆ. ಚಿಗವ್ವ ಪಕ್ಕದಲ್ಲಿ. ನಾನು ಒಂದೊಂದೇ ಅಕ್ಷರ ಹೇಳುವುದು, ಅವಳು ತಲೆ ಎತ್ತದೆ ಒತ್ತುವುದು. ಚ, ಅದಕ್ಕ ದೀರ್ಘ. ಜಾಗಾ ಬಿಡು. ಆ. ರ, ದೀರ್ಘ. ಕ. ಈಗ ತ, ಅದಕ್ಕ ತ ಒತ್ತು ಕೊಡಬೇಕು. ಅದಲ್ಲ, ಕೆಳಗಿಂದು. ಹಾಂ. ಐತ್ವ. ಲಾಳಿಯನ್ನು ಕಣ್ಣಿಗೆ ಕಾಣದಷ್ಟು ಜೋರಾಗಿ ಓಡಿಸುವ ಆ ಬೆರಳು ಒಂದೊಂದು ಅಕ್ಷರದ ಮೇಲೂ ಹೆದರಿ ನಿಲ್ಲುತ್ತಿತ್ತು. ಗೋಡೆಯ ತಂಪು ಬೆನ್ನಿಗೆ ತಾಕುತ್ತಿತ್ತು. ಅಷ್ಟು ವರ್ಷ ಆಯಿ ಈ ತಂಪಿಗೇ ಇಲ್ಲಿ ಕೂತಿದ್ದಳೇನೋ ಅನಿಸಿತು.

"ಲಗೂ ಮಾಡ ಚಿಗವ್ವ, ಬಸ್ ಹೋಗತೈತಿ," ಅಂದೆ. ಸುಮ್ಮನೆ ಅಂದದ್ದು. ಏನಾದರೂ ಮಾತಾಡಬೇಕಿತ್ತು.

ಅವಳು ಒತ್ತುತ್ತಲೇ ಇದ್ದಳು. ಮುಗಿಯಬೇಕಾದ ಮಾತು ಮುಗಿದ ಮೇಲೂ ಒತ್ತುತ್ತಿದ್ದಳು. ಬಗ್ಗಿ ನೋಡಿದೆ. ಮೊದಲನೇ ಸಾಲಿನಲ್ಲಿ ಆಯಿಯ ಮಾತು. ಅದರ ಕೆಳಗೆ, ನಾನು ಹೇಳಿಕೊಡದಿದ್ದರೂ ಐತ್ವ ಸರಿಯಾಗಿ, 'ಬಸ್ ಹೋಗತೈತಿ.'

"ಏ, ಅದನ್ಯಾಕ ಬರದಿ!"

"ನೀ ಹೇಳಿದಿ, ನಾ ಬರದೆ," ಅಂದಳು. ನನ್ನ ಮುಖ ನೋಡಲಿಲ್ಲ. "ಇರಲಿ ಬಿಡು. ಆಯಿ ಒಬ್ಬಾಕಿನ ಮಾತಾಡ್ತಿದ್ಲು ಇಷ್ಟ ವರ್ಷ. ನೀ ಒಂದಿನಾರ ತಿರುಗಿ ಮಾತಾಡಿದ್ದಿಲ್ಲ."

ಉಂಡು ಹೊರಟಾಗ ಮಧ್ಯಾಹ್ನ ಇಳಿದಿತ್ತು. ಬಸ್ಸಿನಲ್ಲಿ ಕೂತು ನನ್ನ ಫೋನಿನಲ್ಲಿ ವಿಳಾಸ ಹೊಡೆದು ನೋಡಿದೆ. ಇನ್ನೂ ಹಳೆಯ ಪೇಜೇ ಬಂತು. ವಿಳಾಸ ತಿರುಗಿಸಿದ ಮೇಲೂ ಎಲ್ಲ ಕಡೆ ಸುದ್ದಿ ಮುಟ್ಟುವುದಕ್ಕೆ ಒಂದಿಷ್ಟು ಹೊತ್ತು ಬೇಕು. ಅಲ್ಲಿಯವರೆಗೆ ಹಳೆಯದು ಅಲ್ಲಲ್ಲಿ ಕಾಣುತ್ತಲೇ ಇರುತ್ತದೆ. ರೋಣದಲ್ಲಿ ಬಸ್ಸು ನಿಂತಾಗಲೂ ಇತ್ತು: ಅರ್ಧ ಸೀರೆ ಪರದೆಯ ಹೊರಗೆ, ಅರ್ಧ ಒಳಗೆ. ಯಾವಗಲ್ ದಾಟಿದ ಮೇಲೆ ಮತ್ತೊಂದು ಸಲ ತೆರೆದರೆ ಹೊಸದು ಬಂದಿತ್ತು. ದಡಿ ಸರಿಯಾಗಿ ಬಂದಿತ್ತು.

ಕೆಲವು ದಿನದ ಮೇಲೆ ಚಿಗವ್ವ ಫೋನು ಮಾಡಿದಳು. ಪಾಸ್‌ವರ್ಡ್ ಕೇಳಲು ಅಲ್ಲ, ಏನೂ ಕೇಳಲು ಅಲ್ಲ.

"ದಾವಣಗೇರಿ ಆ ಬಾಯಿ ಫೋನ್ ಮಾಡಿದ್ಲೋ. ಸೀರಿ ಬೇಕಂತ. ಮೊದಲ ಏನ ಕೇಳಿದ್ಲು ಗೊತ್ತೇನ? ಬಸ್ ಸಿಕ್ತಾ ಅವನಿಗೆ, ಅಂತ."

"ನೀ ಏನಂದಿ?"

"ಇಲ್ರಿ, ಆ ಬಸ್ ತಪ್ಪಿತು, ಉಂಡು ಮುಂದಿನ ಬಸ್ಸಿಗೆ ಹ್ವಾದ ಅಂದೆ."

"ಚಾದ್ದ ಕೇಳಲಿಲ್ಲೇನ?"

"ಕೇಳದ ಬಿಡ್ತಾಳೇನ? ಆರಿಸಿ ಕುಡದ್ನವ್ವಾ, ಅಂವ ಸಣ್ಣಾಂವ ಇದ್ದಾಗಿಂದ ಹಂಗ, ಅಂದೆ."